ಕೆಂಪಿ ಮಾಮಿಯ ಹಸುವೂ ನಾನು ಕೊಯ್ದಿಟ್ಟ ಜರೀಗಿಡವೂ

ತಾಳಿ, ಇದನ್ನೊಂದು ಓದಿ ಹೋಗಿ. ಗಿಡದ ಫೋಟೋ ನೋಡೋಕೆ ಅಂತ ಈ ಬ್ಲಾಗಿಗೆ ಬರೋರಿಗೆ ಇವತ್ತು ಫೋಟೋ ಇಲ್ಲ. ಇವತ್ತು ಬೇರೆ ಒಂದಿದೆ — ಎಷ್ಟೋ ವರ್ಷದಿಂದ ಗಂಟಲಲ್ಲೇ ಇಟ್ಟುಕೊಂಡು ಓಡಾಡಿದ್ದು.

ಕೆಂಪಿ ಮಾಮಿಯ ಹಸು ಸತ್ತಿದ್ದು ರಾಸಣ್ಣನ ಪಾದರಸದಿಂದ ಅಲ್ಲ. ನಾನು ಕೊಯ್ದಿಟ್ಟ ಜರೀಗಿಡದಿಂದ. ಅದು ನನಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ಎಲ್ಲರ ಮುಂದೆ ನಿಂತು ಒಂದು ಮಾತು ಹೇಳಿದೆ. ಆ ಮಾತಿಗೆ ರಾಸಣ್ಣ ಊರು ಬಿಟ್ಟ.

ಹೇಳಿಬಿಟ್ಟೆ. ಈಗ ಮೊದಲಿಂದ ಹೇಳ್ತೀನಿ, ಇಲ್ಲಾಂದ್ರೆ ನಿಮಗೆ ಅರ್ಥ ಆಗಲ್ಲ.

ನಮ್ಮೂರು ನೀಲಗಿರಿಯ ಗೂಡಲೂರು ದಾಟಿ ಪಂದಲೂರಿನ ಕಡೆ ಹೋಗೋ ದಾರಿಯಲ್ಲಿದೆ. ಬಿಳಿಯರ ಕಾಲದಲ್ಲಿ ಇಲ್ಲಿ ಚಿನ್ನ ತೆಗೀತಿದ್ರು. ಅವರು ಹೋದ್ರು, ಸುರಂಗ ಉಳೀತು. ಸುರಂಗದ ಬಾಯಲ್ಲಿ ಕಲ್ಲು ಪುಡಿ ಮಾಡಿ ಸುರಿದ ಬೂದು ಮಣ್ಣಿನ ಗುಡ್ಡನೂ ಉಳೀತು. ಸುತ್ತ ಎಲ್ಲಿ ನೋಡಿದ್ರೂ ಟೀ ಗಿಡ, ಹಸಿರು. ಆ ಗುಡ್ಡ ಒಂದೇ ಬೋಳು. ಹುಲ್ಲೂ ಹುಟ್ಟಲ್ಲ. ಮಳೆ ಹಿಡಿದ್ರೆ ಅದರ ಮಣ್ಣೆಲ್ಲ ತೊಳೆದುಕೊಂಡು ಕೆಳಗಿನ ಹಳ್ಳಕ್ಕೆ — ನಾವು ತೋಡು ಅಂತೀವಿ — ಬರ್ತಿತ್ತು, ತೋಡಿನ ನೀರು ಸಿಮೆಂಟಿನ ಹಾಗೆ ಆಗ್ತಿತ್ತು.

ಆ ತೋಡಿನ ಈ ದಡದಲ್ಲಿ ಕೆಂಪಿ ಮಾಮಿಯ ಮನೆ. ಅಪ್ಪನಿಗೆ ದೂರದ ತಂಗಿ ಆಗಬೇಕು — ನಾವು ಅತ್ತೇನ ಮಾಮಿ ಅಂತೀವಿ. ನಮ್ಮ ಹಾಗೇ ಊಟಿ ಹತ್ತಿರದ ಸೋಲೂರಿನ ಕಡೆಯಿಂದ ಇಳಿದು ಬಂದೋರು. ಗಂಡ ಇಲ್ಲ. ಸ್ವಲ್ಪ ಟೀ ಗಿಡ, ಮನೆ ಹಿಂದೆ ಸೊಪ್ಪು ಬೀನ್ಸ್ ತೋಟ, ಒಂದು ಹಸು. ಆಗ ಟೀ ಎಲೆ ರೇಟು ಪಾತಾಳಕ್ಕೆ ಬಿದ್ದಿತ್ತು, ಮಾಮಿ ಮನೆ ನಡೀತಿದ್ದದ್ದೇ ಹಸುವಿನ ಹಾಲಿನಿಂದ.

ತೋಡಿನ ಆ ದಡದಲ್ಲಿ ರಾಸಣ್ಣನ ಗುಡಿಸಲು. ಸಿಲೋನಿನ ಟೀ ತೋಟಗಳಿಂದ ವಾಪಸ್ ಬಂದ ತಮಿಳರ ಮನೆಯೋನು. ಹಳೇ ಸುರಂಗಕ್ಕೆ ನುಗ್ಗಿ ಕಲ್ಲು ತರೋನು, ಕುಟ್ಟಿ ಪುಡಿ ಮಾಡಿ ಅರೆಯೋ ಕಲ್ಲಿನ ಮೇಲೆ, ಚಿನ್ನ ಅಂಟಿಕೊಳ್ಳಲಿ ಅಂತ ಪಾದರಸ ಹಾಕಿ ತಿಕ್ಕೋನು, ಸಾಸಿವೆಯಷ್ಟು ಚಿನ್ನ ಸಿಕ್ಕಿದ್ರೆ ಅವತ್ತು ಹಬ್ಬ. ಕಾನೂನಿನ ಪ್ರಕಾರ ತಪ್ಪು ಕೆಲಸ. ಅದು ಎಲ್ಲರಿಗೂ ಗೊತ್ತು, ಯಾರೂ ಏನೂ ಅಂತಿರಲಿಲ್ಲ.

ಇನ್ನು ನಾನು. ಪ್ಲಸ್ ಟು ಮುಗಿಸಿ ಟೀ ಫ್ಯಾಕ್ಟರಿಯ ಶೆಡ್ಡಿನಲ್ಲಿ ಎಲೆ ತೂಕ ಹಾಕ್ತಿದ್ದೆ. ಗೂಡಲೂರಿನ ಲೈಬ್ರರಿಯಲ್ಲಿ ಸಿಕ್ಕಿದ್ದೆಲ್ಲ ಓದ್ತಿದ್ದೆ. ಒಂದು ಪತ್ರಿಕೆಯಲ್ಲಿ ಬಂದಿತ್ತು — ಕೆಲವು ಗಿಡಗಳು ಮಣ್ಣಿನ ವಿಷಾನ ಬೇರಲ್ಲಿ ಹೀರಿ ಎಲೆಯಲ್ಲಿ ತುಂಬಿಕೊಳ್ತವೆ, ಎಲೆ ಕೊಯ್ತಾ ಹೋದ್ರೆ ಮಣ್ಣು ನಿಧಾನಕ್ಕೆ ಶುದ್ಧ ಆಗುತ್ತೆ ಅಂತ. ಅಯ್ಯೋ, ಅವತ್ತು ನಾನು ಬಸ್ಸು ಬಿಟ್ಟು ನಡ್ಕೊಂಡೇ ಮನೆಗೆ ಬಂದೆ, ಅಷ್ಟು ಖುಷಿ! ಯಾಕಂದ್ರೆ ನಾನು ನೋಡಿದ್ದೆ. ಆ ಬೋಳು ಗುಡ್ಡದಲ್ಲಿ, ಏನೂ ಹುಟ್ಟದ ಕಡೆ, ಒಂದು ಜಾತಿ ಜರೀಗಿಡ ಮಾತ್ರ ಅಲ್ಲಲ್ಲಿ ತಲೆ ಎತ್ತಿತ್ತು. ಉದ್ದ ಗರಿ, ಏಣಿ ಮೆಟ್ಟಿಲ ಹಾಗೆ ಜೋಡಿಸಿದ ಎಲೆ. ಎಲ್ಲಿಂದಲೋ ತಂದಿದ್ದಲ್ಲ, ಇಲ್ಲಿಯದೇ ಗಿಡ. ನಮ್ಮ ಸ್ಕೂಲಿನ ಗೋಡೆ ಸಂದಿಯಲ್ಲೂ ಇತ್ತು.

ಊಟಿ ಕಾಲೇಜಿನ ಒಬ್ಬ ಮೇಷ್ಟ್ರ ಹತ್ತಿರ ಎಲೆನೂ ಮಣ್ಣೂ ತಗೊಂಡು ಹೋದೆ. ಅವರು ಎಲ್ಲಿಗೋ ಕಳಿಸಿ ಪರೀಕ್ಷೆ ಮಾಡಿಸಿದ್ರು. ಮಣ್ಣಲ್ಲಿ ಆರ್ಸೆನಿಕ್ ಇತ್ತು. ಹಳಬರು ಪಾಷಾಣ ಅಂತಿದ್ರಲ್ಲ, ಅದು. ಎಲೆಯಲ್ಲಿ ಮಣ್ಣಿಗಿಂತ ಎಷ್ಟೋ ಜಾಸ್ತಿ ಇತ್ತು. ಮೇಷ್ಟ್ರು ನನ್ನ ಬೆನ್ನು ತಟ್ಟಿದ್ರು. ಆಮೇಲೆ ಕನ್ನಡಕ ತೆಗೆದು ಹೇಳಿದ್ರು — "ನೆಡೋದು ಸುಲಭ ಕಣಪ್ಪ. ಕೊಯ್ದ ಮೇಲೆ ಆ ಎಲೆ ಬರೀ ಎಲೆ ಅಲ್ಲ, ವಿಷ. ಸುಡಬೇಡ, ಗೊಬ್ಬರಕ್ಕೆ ಹಾಕಬೇಡ, ದನ ಮುಟ್ಟೋಕೆ ಬಿಡಬೇಡ. ನೀರು ಇಳಿಯದ ಗುಂಡಿ ಮಾಡಿ ಮುಚ್ಚಿಡು. ಊರಿನೋರಿಗೆ ಹೇಳು."

ನಾನು ನೆಟ್ಟೆ. ಊರಿನೋರಿಗೆ "ಗಿಡ ಮಣ್ಣು ಸರಿ ಮಾಡುತ್ತೆ" ಅಂತ ಮಾತ್ರ ಹೇಳಿದೆ. ವಿಷ ಅನ್ನೋ ಮಾತು ಬಾಯಿಗೆ ಬರಲಿಲ್ಲ — ಅಂದ್ರೆ ನಾನು ಬರೋಕೆ ಬಿಡಲಿಲ್ಲ. ವಿಷ ಅಂದ್ರೆ ಹೆದರಿ ಕಿತ್ತುಹಾಕ್ತಾರೆ, ಅಷ್ಟೇ ನನ್ನ ಲೆಕ್ಕ. ಎಲ್ಲರೂ ನನ್ನನ್ನ 'ಸೊಪ್ಪು ಡಾಕ್ಟ್ರು' ಅಂತ ಕರೆಯೋಕೆ ಶುರು ಮಾಡಿದ್ರು. ಗುಡ್ಡ ಹತ್ತಿ ಸಸಿ ನೆಡೋಕೆ ಬಂದೋನು ಒಬ್ಬನೇ, ರಾಸಣ್ಣ. ಜಾರೋ ಮಣ್ಣಲ್ಲಿ ಎಲ್ಲಿ ಕಾಲಿಡಬೇಕು ಅಂತ ತೋರಿಸ್ತಾ, "ತಂಬಿ, ನಾನು ಮಣ್ಣಿಂದ ಚಿನ್ನ ತೆಗೀತೀನಿ, ನೀನು ಏನು ತೆಗೀತೀಯೋ ದೇವರಿಗೇ ಗೊತ್ತು" ಅಂತ ನಗೋನು.

ಗಿಡ ಏನು ಬಂತು ಅಂತೀರಿ! ಎರಡನೇ ವರ್ಷಕ್ಕೆ ಗುಡ್ಡದ ಕೆಳ ಅಂಚು ಪೂರಾ ಹಸಿರು. ಮಳೆ ಹಿಡಿಯೋ ಮುಂಚೆ ಕೊಯ್ದೆ. ಗುಂಡಿ ತೋಡೋಕೆ ಶುರು ಮಾಡಿದ್ದೆ, ಮುಗಿದಿರಲಿಲ್ಲ. ಮಳೆ ಬಂದೇಬಿಡ್ತು, ಗುಂಡಿ ಕೆರೆ ಆಯ್ತು. ಕೊಯ್ದಿದ್ದನ್ನ ಗುಡ್ಡದ ಬುಡದಲ್ಲಿ ರಾಶಿ ಹಾಕಿ, ಮೇಲೆ ಟಾರ್ಪಾಲು ಹೊದಿಸಿ, ಕಲ್ಲಿಟ್ಟೆ. ಮಳೆ ಬಿಡಲಿ ಅಂತ.

ನಮ್ಮ ಕಡೆಯೋರಿಗೆ ಈಗಲೇ ಗೊತ್ತಾಗಿರುತ್ತೆ, ಏನಾಯ್ತು ಅಂತ.

ಬೇರೆಯೋರಿಗೆ ಹೇಳ್ತೀನಿ. ಮಳೆಗಾಲದಲ್ಲಿ ನಾವು ಕೊಟ್ಟಿಗೆಗೆ ಜರೀಗಿಡ ಹಾಸ್ತೀವಿ. ಕಾಡಿನ ಅಂಚಿಂದ ಕೊಯ್ದು ತಂದು ಹಸುವಿನ ಕಾಲಡಿಗೆ ಹರಡೋದು. ಬೆಚ್ಚಗಿರುತ್ತೆ, ಸಗಣಿ ಗಂಜಲ ಹೀರುತ್ತೆ, ಆಮೇಲೆ ಅದನ್ನೇ ಎಳೆದು ತೋಟಕ್ಕೆ ಗೊಬ್ಬರ. ನಮ್ಮಮ್ಮನೂ ಮಾಡೋರು. ಜಡಿಮಳೆಯಲ್ಲಿ ಒಣಗಿದ ಹಾಸು ಸಿಗೋದೇ ಕಷ್ಟ. ಅಂಥಾದ್ದರಲ್ಲಿ ಟಾರ್ಪಾಲಿನ ಕೆಳಗೆ ಬೆಚ್ಚಗೆ, ಒಣಗಿ, ಅಂದವಾಗಿ ಕೊಯ್ದ ಒಂದು ರಾಶಿ... ಅದನ್ನ ನೋಡಿದ ಯಾವ ಹೆಂಗಸಿಗೂ ಕೊಟ್ಟಿಗೆಯೇ ನೆನಪಾಗೋದು. ನಾನು ಇದೇ ಊರಲ್ಲಿ ಹುಟ್ಟಿದೋನು. ನನಗೆ ಹೊಳೀಬೇಕಿತ್ತು.

ಊಟಿಯಿಂದ ಒಂದು ಸಂಸ್ಥೆಯೋರು ಗಿಡ ನೋಡೋಕೆ ಬರ್ತೀವಿ ಅಂದಿದ್ರು. ಇಷ್ಟ ಆದ್ರೆ ಗುಡ್ಡ ಪೂರಾ ನೆಡೋಕೆ ಸಹಾಯ, ನನಗೆ ಅಲ್ಲೇ ಕೆಲಸ. ತೂಕದ ಶೆಡ್ಡಿಂದ ಬಿಡುಗಡೆ! ಅವರು ಬರೋ ಬೆಳಿಗ್ಗೆ ಗುಡ್ಡದ ಬುಡಕ್ಕೆ ಹೋದೆ. ಟಾರ್ಪಾಲು ನೀಟಾಗಿ ಮಡಚಿಟ್ಟಿತ್ತು. ರಾಶಿ ಇರಲಿಲ್ಲ.

ಮಾಮಿ ಮನೆ ಅಂಗಳದಿಂದಲೇ ಕೂಗಿದ್ರು, "ಏನೋ ಸೊಪ್ಪು ಡಾಕ್ಟ್ರೇ, ಹುಡುಕ್ತಿದ್ದೀಯಾ? ನಾನೇ ಹೊತ್ಕೊಂಡು ಬಂದೆ! ಕೊಳೆಯೋಕೆ ಬಿಟ್ಟಿದ್ಯಲ್ಲ, ಬುದ್ಧಿ ಇಲ್ವಾ ನಿನಗೆ?"

"ಎಲ್ಲಾನೂ ತಂದ್ರಾ ಮಾಮಿ?"

"ಮತ್ತೆ ಅರ್ಧ ಬಿಟ್ಟು ಬರಲಾ? ಹಸು ನೋಡು, ರಾಣಿ ಹಾಗೆ ಮಲಗಿದೆ. ಮಾಮಿಗೆ ಒಂದು ಹಾಸು ಕೊಟ್ರೆ ನಿನ್ನ ಗಂಟು ಹೋಗುತ್ತಾ?"

ಕೊಟ್ಟಿಗೆಗೆ ಇಣುಕಿದೆ. ಹಸು ಮಲಗಿತ್ತು. ಕಾಲಡಿಗೆ ನನ್ನ ಗರಿಗಳು. ಗೋಡೆ ಪಕ್ಕ ಬರೀ ಕಪ್ಪು ದಂಟು ಇತ್ತು, ಎಲೆ ಇರಲಿಲ್ಲ. ಮಳೆಗೆ ಮೇವು ಕಡಿಮೆ, ಹಸಿದ ಹಸು ಹಾಸನ್ನೇ ಮೇಯ್ದಿತ್ತು.

ಆಗಲೇ ಹೇಳಬೇಕಿತ್ತು. ಬಾಯಿ ತೆರೆದಿದ್ದೆ, ನಿಜ. ಅಷ್ಟರಲ್ಲಿ ಮೇಲೆ ರಸ್ತೆಯಲ್ಲಿ ಜೀಪು ಹಾರನ್ ಮಾಡ್ತು. "ಹೋಗೋ, ನಿನ್ನ ದೊರೆಗಳು ಬಂದ್ರು" ಅಂದ್ರು ಮಾಮಿ. ನಾನು — ಹೋದೆ.

ಜೀಪಿಂದ ಇಳಿದೋರು ಗಿಡ ನೋಡಿದ್ರು, ಫೋಟೋ ತೆಗೆದ್ರು, ತಲೆ ಆಡಿಸಿದ್ರು. ಅವರಲ್ಲಿ ಒಬ್ಬರು ಕೇಳಿದ್ರು, "ಕೊಯ್ದ ಎಲೆ ಏನು ಮಾಡಿದ್ರಿ?"

"ಹೂತಿದ್ದೀನಿ ಸಾರ್."

ಎಷ್ಟು ಸಲೀಸಾಗಿ ಬಂತು ಆ ಮಾತು. ಕೆಸರು ತುಂಬಿದ ಗುಂಡಿ ತೋರಿಸಿದೆ. ಅವರು ಗುಂಡಿ ನೋಡಿ, ಮಳೆ ನೋಡಿ, ಹತ್ತಿರ ಹೋಗೋದು ಬೇಡ ಅಂತ ತಿರುಗಿದ್ರು. ಅಷ್ಟರಲ್ಲಿ ಮಾಮಿ ಸೆರಗು ತಲೆ ಮೇಲೆ ಎಳ್ಕೊಂಡು ಎಲ್ಲರಿಗೂ ಟೀ ತಂದ್ರು. ಗಟ್ಟಿ ಹಾಲಿನ ಟೀ, ಆ ಹಸುವಿನ ಹಾಲು. ಅವರು ಕುಡಿದ್ರು. "ಸೂಪರ್ ಟೀ ಅಮ್ಮ" ಅಂದ್ರು. ಮಾಮಿ ಮುಖ ಅರಳ್ತು. ನಾನು ಲೋಟ ಕೈಯಲ್ಲಿ ಹಿಡ್ಕೊಂಡು ನಿಂತಿದ್ದೆ, ಎಲ್ಲರೂ ನೋಡ್ತಿದ್ರು ಅಂತ ಕುಡಿದೆ.

ಅವತ್ತು ಮಧ್ಯಾಹ್ನ ಕೊಟ್ಟಿಗೆ ಗುಡಿಸಿಕೊಡ್ತೀನಿ ಅಂತ ಹೋದೆ. ಮಾಮಿ ಸೊಂಟಕ್ಕೆ ಕೈ ಇಟ್ಟು ನಿಂತ್ರು.

"ಏನು ವಿಷಯ? ನಮ್ಮ ಕೊಟ್ಟಿಗೆ ಮೇಲೆ ಇದ್ದಕ್ಕಿದ್ದ ಹಾಗೆ ಪ್ರೀತಿ?"

"ಆ ಗಿಡಕ್ಕೆ ಹುಳ ಬಿದ್ದಿತ್ತು ಮಾಮಿ. ಹಸುವಿಗೆ ಆಗಲ್ಲ. ತೆಗೆದು ಬೇರೆ ಹಾಸ್ತೀನಿ."

"ಹುಳ ಬಿದ್ರೆ ಗೊಬ್ಬರ ಇನ್ನೂ ಚೆನ್ನಾಗಿ ಆಗುತ್ತೆ. ಹೋಗೋ, ಮಳೆಯಲ್ಲಿ ನೆನೀಬೇಡ."

ಹುಳ ಅಂದೆ. ವಿಷ ಅಂತ ಒಂದು ಮಾತು ಅಂದಿದ್ರೆ ಮಾಮಿ ಆ ಕ್ಷಣವೇ ಎಲ್ಲಾನೂ ಹೊರಗೆ ಎಸೀತಿದ್ರು. ಆದ್ರೆ ಸಾಯಂಕಾಲಕ್ಕೆ ಊರಿಗೆಲ್ಲ ಗೊತ್ತಾಗ್ತಿತ್ತು. ಬೆಳಿಗ್ಗೆಗೆ ಗುಡ್ಡದ ಗಿಡ ಇರ್ತಿರಲಿಲ್ಲ. ಊಟಿಯೋರಿಗೆ ಹೇಳಿದ ಸುಳ್ಳೂ ಹೊರಗೆ ಬರ್ತಿತ್ತು. ಇದೆಲ್ಲ ಆ ಹೊಸಿಲಲ್ಲಿ ನಿಂತೇ ಯೋಚನೆ ಮಾಡಿದೆ. ಪೂರಾ ಯೋಚನೆ ಮಾಡಿಯೇ ವಾಪಸ್ ಬಂದೆ.

ಹಸು ಮೇವು ಬಿಡ್ತು. ಹಲ್ಲು ಕಡೀತಾ ನಿಲ್ಲೋದು, ಹಿಂದಿನ ಕಾಲು ತಡವರಿಸೋದು, ಸಗಣಿಯಲ್ಲಿ ರಕ್ತ. ರಸ್ತೆಗೆ ಮಣ್ಣು ಕುಸಿದು ದನದ ಆಸ್ಪತ್ರೆಯಿಂದ ಯಾರೂ ಬರೋಕೆ ಆಗಲಿಲ್ಲ. ಮಾಮಿ ಶುಂಠಿ ಕಷಾಯ ಕುಡಿಸಿದ್ರು, ಹೊಟ್ಟೆ ಉಜ್ಜಿದ್ರು, ಹಸುವಿನ ಕೊರಳು ತಬ್ಬಿಕೊಂಡು ಏನೇನೋ ಹೇಳ್ತಾ ಕೂತಿದ್ರು. ನಾನು ಬೆಲ್ಲ ಕರಗಿಸಿ ತಂದುಕೊಟ್ಟೆ. ಅಷ್ಟು ಮಾಡಿದೆ. ಹಸು ಸತ್ತ ಮೇಲೆ ಅಲ್ಲಿಯ ಕಾಂಪೌಂಡರ್ ಬಂದ, ನೋಡಿ ಹೇಳಿದ — "ಏನೋ ವಿಷ ಹೊಟ್ಟೆಗೆ ಹೋಗಿದೆ."

ವಿಷ! ಊರಲ್ಲಿ ವಿಷ ಇದ್ದದ್ದು ಎಲ್ಲಿ? ಎಲ್ಲರಿಗೂ ಗೊತ್ತಿದ್ದ ಹಾಗೆ ಒಂದೇ ಕಡೆ. ತೋಡಿನ ಆ ದಡದಲ್ಲಿ, ರಾಸಣ್ಣನ ಬಾಟ್ಲಿಯಲ್ಲಿ.

ಎಲೆ ತೂಕದ ಶೆಡ್ಡಿನಲ್ಲಿ ಜನ ಸೇರಿದ್ರು. ರಾಸಣ್ಣನ್ನ ಕರೆಸಿದ್ರು. ಅವನು ಒದ್ದೆ ಬನಿಯನ್ನಿನಲ್ಲೇ ಬಂದ. ತೊಳೆದ ನೀರು ತೋಡಿಗೆ ಬಿಡ್ತೀಯಾ ಅಂದ್ರೆ "ಬಿಡ್ತೀನಿ, ಇಷ್ಟು ವರ್ಷ ಬಿಟ್ಟಿದ್ದೀನಿ, ಯಾವ ಹಸು ಸತ್ತಿದೆ?" ಅಂದ. ಯಾರೋ, "ಸಿಲೋನೋನಿಗೆ ನಮ್ಮ ಹಸು ಸತ್ರೆ ಏನು, ಬದುಕಿದ್ರೆ ಏನು" ಅಂದ್ರು. ಮಾಮಿ ಮೂಲೆಯಲ್ಲಿ ಕೂತಿದ್ರು.

ಆಗ ಒಬ್ಬರು ನನ್ನ ಕಡೆ ತಿರುಗಿದ್ರು. "ಸೊಪ್ಪು ಡಾಕ್ಟ್ರು ಇಲ್ಲೇ ಇದ್ದಾನಲ್ಲ. ಓದಿದೋನು, ವಿಷದ ಬಗ್ಗೆ ಗೊತ್ತಿರೋನು. ಹೇಳಪ್ಪ, ಪಾದರಸದಿಂದ ಹಸು ಸಾಯುತ್ತಾ, ಇಲ್ವಾ?"

ನನ್ನ ಕೈ ತಕ್ಕಡಿ ಮೇಲಿತ್ತು.

ರಾಸಣ್ಣನ ಮುಖದಲ್ಲಿ ಒಂದು ನಿರಾಳ ಬಂತು. ಅದನ್ನ ನಾನು ಸರಿಯಾಗಿ ನೋಡಿದೆ. ನಾನಿದ್ದೀನಲ್ಲ ಅಂತ ಅವನಿಗೆ ಧೈರ್ಯ. "ಕೇಳಿ, ಕೇಳಿ, ತಂಬೀನ ಕೇಳಿ" ಅಂದ. "ಅವನ ಜೊತೆ ಗುಡ್ಡ ಹತ್ತಿ ಗಿಡ ನೆಟ್ಟೋನು ನಾನು. ಹೇಳು ತಂಬಿ."

ನಾನು ಹೇಳಿದೆ — "ಸಾಯಬಹುದು."

ಅಷ್ಟೇ. ಪಾದರಸದಿಂದ ಹಸು ಸಾಯಬಹುದು, ಪುಸ್ತಕದ ಪ್ರಕಾರ ಮಾತು ತಪ್ಪಲ್ಲ. ಅದಕ್ಕೇ ಅಷ್ಟು ಸುಲಭವಾಗಿ ಬಾಯಿಂದ ಬಂತೇನೋ. ರಾಸಣ್ಣ ನನ್ನನ್ನೇ ನೋಡಿದ. ಬೈಯಲಿಲ್ಲ. "ತಂಬಿ?" ಅಂತ ಒಂದು ಸಲ ಅಂದ, ಕೇಳೋ ಹಾಗೆ. ನಾನು ತಕ್ಕಡಿಯ ಮುಳ್ಳು ನೋಡ್ತಿದ್ದೆ.

ಮಾಮಿ ಎದ್ರು. ಅವರೇ ಮುಂದೆ ನಡೆದ್ರು, ಜನ ಹಿಂದೆ. ತೋಡು ದಾಟಿ ರಾಸಣ್ಣನ ಅರೆಯೋ ಕಲ್ಲನ್ನ ಉರುಳಿಸಿದ್ರು. ಸುತ್ತಿಗೆ ಯಾರೋ ಕೊಟ್ರು. ಮೊದಲ ಏಟು ಮಾಮಿಯದು. ಕಲ್ಲು ಎರಡಾಗೋವರೆಗೂ ಅತ್ಕೊಂಡೇ ಹೊಡೆದ್ರು. ಅವನು ಪೊಲೀಸರ ಹತ್ತಿರ ಹೋಗೋ ಹಾಗಿಲ್ಲ, ಅವನ ಕೆಲಸವೇ ಅಂಥದ್ದು. ಅದೂ ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು. ಮಳೆ ಬಿಡೋ ಮುಂಚೆಯೇ ಹೆಂಡತಿ ಮಕ್ಕಳನ್ನ ಕರ್ಕೊಂಡು, ಪಾತ್ರೆ ಪಗಡ ತಗೊಂಡು ಹೋಗಿಬಿಟ್ಟ. ಕೊಯಮತ್ತೂರಿನ ಕಡೆ ಅಂದ್ರು ಕೆಲವರು, ಕೇರಳ ಅಂದ್ರು ಕೆಲವರು.

ಇಲ್ಲಿಗೆ ಮುಗೀತು ಅಂದ್ಕೊಂಡ್ರಾ? ಆ ಹಾಸು ಗೊಬ್ಬರವಾಗಿ ತೋಟಕ್ಕೆ ಹೋಯ್ತು. ಸಾಸಿವೆ ಸೊಪ್ಪು ಚೆನ್ನಾಗಿ ಬಂತು. ಮಾಮಿ ಒಂದು ಕಟ್ಟು ಕೊಟ್ಟು "ನಿಮ್ಮಮ್ಮನಿಗೆ ಕೊಡು" ಅಂದ್ರು. ಅದನ್ನ ನಾನು ದಾರಿಯಲ್ಲಿ ಟೀ ಗಿಡಗಳ ಸಂದಿಗೆ ಎಸೆದೆ. ನಮ್ಮಮ್ಮನ ತಟ್ಟೆಗೆ ಬರೋಕೆ ಬಿಡಲಿಲ್ಲ. ಮಾಮಿ ದಿನಾ ಅದನ್ನೇ ತಿಂತಿದ್ರು, ನಾನು ದಿನಾ ಅವರ ಮನೆ ಮುಂದೆಯೇ ಹಾದು ಹೋಗ್ತಿದ್ದೆ.

ಇದನ್ನ ಬರೆಯೋವಾಗ ನನ್ನ ಕೈಗೇ ನಾಚಿಕೆ ಆಗ್ತಿದೆ.

ಊಟಿಯೋರು ಮತ್ತೆ ಬಂದ್ರು, ಗುಡ್ಡ ಪೂರಾ ನೆಟ್ವಿ, ನನಗೆ ಕೆಲಸ ಸಿಕ್ತು. ಈ ಬ್ಲಾಗಿನಲ್ಲಿ ನೀವು ಹೊಗಳಿದ್ದೆಲ್ಲ ಆ ಗುಡ್ಡವನ್ನೇ. ಈಗ ಅಲ್ಲಿ ಸಿಮೆಂಟು ತೊಟ್ಟಿ ಇದೆ, ಬೀಗ ಇದೆ, ತಲೆಬುರುಡೆ ಬರೆದ ಬೋರ್ಡಿದೆ. ಎಲ್ಲಾ ಸರಿಯಾಗಿ ಮಾಡ್ತೀನಿ. ಸರಿಯಾಗಿ ಮಾಡೋಕೆ ನನಗೆ ಮೊದಲೇ ಗೊತ್ತಿತ್ತು, ಅದೇ ತಾನೇ ವಿಷಯ.

ಹೋದ ವಾರ ಮಾಮಿ ಮನೆಗೆ ಹೋಗಿ ಎಲ್ಲಾ ಹೇಳಿದೆ. ಮಾಮಿ ಗಟ್ಟಿಮುಟ್ಟಾಗೇ ಇದ್ದಾರೆ. ನನ್ನ ತಪ್ಪು ಚಿಕ್ಕದು ಮಾಡೋಕೆ ಇದನ್ನ ಹೇಳ್ತಿಲ್ಲ. ಅವರಿಗೆ ಏನೂ ಆಗದೇ ಇದ್ದಿದ್ದು ನನ್ನ ಪುಣ್ಯದಿಂದ ಅಲ್ಲ. ಬೀನ್ಸ್ ಬಿಡಿಸ್ತಾ ಕೇಳಿಸ್ಕೊಂಡ್ರು. ಮಧ್ಯದಲ್ಲಿ ಕೈ ನಿಂತುಬಿಡ್ತು.

ಹೊಡೀತಾರೆ ಅಂದ್ಕೊಂಡಿದ್ದೆ. ಹೊಡೀಲಿ ಅಂತಲೇ ಹೋಗಿದ್ದೆನೋ ಏನೋ. ಮಾಮಿ ಹೇಳಿದ್ರು —

"ಹಸು ಹೋಯ್ತು, ನಾನು ಅತ್ತೆ, ಆಯ್ತು. ಸೊಪ್ಪು ತಿಂದೆ, ಬದುಕಿದ್ದೀನಿ, ಅದೂ ಆಯ್ತು. ಆದ್ರೆ ಮಗಾ, ಅವನ ಕಲ್ಲು ಒಡೆದಿದ್ದು ನಾನು. ಅವನ ಹೆಂಡತಿ ನನ್ನ ಕಾಲು ಹಿಡಿದಿದ್ಲು. ನಾನು ಝಾಡಿಸಿ ಒದ್ದೆ. ನನ್ನ ಕೈಲಿ ಅದನ್ನ ಮಾಡಿಸಿದ್ಯಲ್ಲೋ."

ನಾನು ಕ್ಷಮಿಸಿ ಅಂದೆ.

"ನನ್ನನ್ನ ಕೇಳಿ ಮುಗಿಸಿಬಿಡಬೇಡ" ಅಂದ್ರು. "ಅವನನ್ನ ಹುಡುಕು. ಸಿಕ್ಕಿದ್ರೆ ನನ್ನನ್ನೂ ಕರ್ಕೊಂಡು ಹೋಗು. ನನಗೂ ಅವನ ಹತ್ತಿರ ಹೇಳೋದಿದೆ."

ಬೀನ್ಸ್ ತಟ್ಟೆ ಪಕ್ಕಕ್ಕಿಟ್ಟು ಒಳಗೆ ಹೋದ್ರು. ಟೀ ಕೊಡಲಿಲ್ಲ.

ತೋಟದ ಮೇಲ್ಮಣ್ಣು ಪರೀಕ್ಷೆಗೆ ಕಳಿಸಿದ್ದೀನಿ. ವರದಿ ಏನೇ ಬರಲಿ, ಮಾಮಿಗೆ ಪೂರಾ ಓದಿ ಹೇಳ್ತೀನಿ. ಶೆಡ್ಡಿನಲ್ಲಿ ಅವತ್ತು ಇದ್ದೋರಿಗೆ ಈ ಭಾನುವಾರ ಹೇಳ್ತೀನಿ, ಅದೇ ಜಾಗದಲ್ಲಿ ನಿಂತು. ಅವರು ಗಿಡ ಕಿತ್ತುಹಾಕಿದ್ರೂ ನಾನು ಅಡ್ಡ ನಿಲ್ಲಲ್ಲ. ಊಟಿಯೋರಿಗೂ ಬರೆದಾಯ್ತು. ಆಮೇಲಿನ ಭಾನುವಾರಗಳಲ್ಲಿ ಕೊಯಮತ್ತೂರಿನ ಕಡೆ, ಕೇರಳದ ನಿಲಂಬೂರಿನ ಕಡೆ ಬಸ್ಸು ಹತ್ತಿ ಕೇಳ್ಕೊಂಡು ಬರೋಕೆ ಶುರು ಮಾಡ್ತೀನಿ. ಸಿಲೋನಿಂದ ಬಂದೋರು ಇರೋ ಕಡೆ ಅವನ ಗುರುತಿನೋರು ಯಾರಾದ್ರೂ ಸಿಗಬಹುದು. ರಾಸಣ್ಣ ಕನ್ನಡ ಓದಲ್ಲ, ನನಗೆ ಗೊತ್ತು. ಇದನ್ನ ಓದಿದೋರಲ್ಲಿ ಯಾರಾದ್ರೂ ಅವನಿಗೆ ಬಾಯಲ್ಲಿ ಹೇಳಬಹುದು ಅನ್ನೋ ಒಂದು ಆಸೆ ಮಾತ್ರ.

ಕೊನೆಗೆ ನಿಮ್ಮನ್ನ ಒಂದು ಕೇಳ್ತೀನಿ. ನನ್ನ ಪೋಸ್ಟುಗಳನ್ನ ಓದಿ ನಿಮ್ಮೂರಿನ ಕ್ವಾರಿಯಲ್ಲೋ, ಗಣಿ ಮಣ್ಣಲ್ಲೋ ಇಂಥ ಗಿಡ ನೆಟ್ಟಿದ್ದೀವಿ ಅಂತ ಎಷ್ಟೋ ಜನ ಬರೆದಿದ್ದೀರಿ. ಕೊಯ್ದ ಎಲೇನ ಏನು ಮಾಡಿದ್ರಿ? ಕೆಳಗಿನ ಮನೆಯೋರಿಗೆ ಅದು ವಿಷ ಅಂತ ಬಾಯಿ ಬಿಟ್ಟು ಹೇಳಿದ್ರಾ? ಹೇಳಿದ್ರೆ ಹೇಗೆ ಹೇಳಿದ್ರಿ, ಅವರು ಏನಂದ್ರು, ಕೆಳಗೆ ಬರೀರಿ. ಹೇಳದೇ ಇದ್ರೆ ಮೊದಲು ಹೋಗಿ ಹೇಳಿ ಬನ್ನಿ, ಆಮೇಲೆ ಬರೀರಿ.